ಕೇಳದೆ ಹಚ್ಚಿದ ಎಣ್ಣೆ

ಜುಲೈ 3, 1986, ಗುರುವಾರ

ಮುಲ್ಕಿ ಪರೀಕ್ಷೆ ಪಾಸಾದಾಗಿನಿಂದ ನಾನು ಬರೆದದ್ದೆಲ್ಲ ಖಾನಾವಳಿಯ ಹಲಗೆಯ ಮೇಲೆ. ಇವತ್ತು ಹೀರೇಕಾಯಿ ಪಲ್ಯ, ನಾಳೆ ಮಡಕಿಕಾಳು, ಅಮಾವಾಸ್ಯೆಗೆ ಹೋಳಿಗೆ. ಈಗ ಕೈಗೆ ಕೆಲಸವಿಲ್ಲ. ಬಾಯಿ ಬಿಟ್ಟು ಬೈಯೋಣವೆಂದರೆ ಇಲ್ಲಿ ಯಾರ ಪರಿಚಯವೂ ಇಲ್ಲ. ಅದಕ್ಕೇ ಕಾಗದದ ಮೇಲೆ ಬೈಯುತ್ತೇನೆ.

ತಮ್ಮನ ಮಗ ಶಂಕ್ರಪ್ಪ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದ. ನನ್ನ ಮೊಣಕಾಲು ಮಡಚಲು ಬರುವುದಿಲ್ಲ, ಒಲೆಯ ಮುಂದೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಅಷ್ಟಕ್ಕೇ ಖಾನಾವಳಿಯನ್ನು ಅವನ ಕೈಗೆ ಕೊಟ್ಟು ಇಲ್ಲಿಗೆ ಬಂದೆ. "ಪಂಚಮಿ ಆದ ಮ್ಯಾಲೆ ಬಂದು ಕರಕೊಂಡು ಹೋಗತೀನಿ ಅತ್ತಿ, ಅಲ್ಲೀತನಾ ಆರಾಮ ತಗೋ" ಅಂದ. ಲೋಕವೆಲ್ಲ ಹೆಣ್ಣುಮಕ್ಕಳನ್ನು ಪಂಚಮಿಗೆ ತವರಿಗೆ ಕರೆಯುತ್ತದೆ. ನಮ್ಮವನು ಪಂಚಮಿ ಮುಗಿಸಿಕೊಂಡು ಬರುತ್ತಾನಂತೆ. ಇರಲಿ.

ಕಲಘಟಗಿಯ ಹೊರಗೆ, ಭತ್ತದ ಗದ್ದೆಗಳ ಮಗ್ಗುಲಲ್ಲಿ ಹಳೆಯ ಅಕ್ಕಿ ಗಿರಣಿಯ ಗೋದಾಮು. ಇಲ್ಲಿಯ ದೊಡ್ಡ ಜಮೀನ್ದಾರರು ಒಂದು ಟ್ರಸ್ಟು ಕಟ್ಟಿ ಅದನ್ನು ವೃದ್ಧಾಶ್ರಮ ಮಾಡಿದ್ದಾರೆ. ಅವರೇ ಅಧ್ಯಕ್ಷರು, ಎಲ್ಲರ ಬಾಯಲ್ಲಿ ಧಣಿ. ಅವರ ಕೆಳಗೆ ವ್ಯವಸ್ಥಾಪಕ ಕುಬೇರಪ್ಪ ಮಾಸ್ತರು, ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕದಲ್ಲೇ ಒಂದು ಸೀಟಿ. ಏಳಲು ಸೀಟಿ, ಚಹಾಕ್ಕೆ ಸೀಟಿ, ಊಟಕ್ಕೆ ಸೀಟಿ.

ನನ್ನ ಟ್ರಂಕು ಬಿಚ್ಚಿ ಸಾಮಾನನ್ನು ಕಪಾಟಿನಲ್ಲಿ ಇಡಲು ಹೇಳಿದರು.

"ಇರಲಿ ಬಿಡ್ರಿ ಮಾಸ್ತರ್ರ. ಹೋಗಾಕಿಗೆ ಕಪಾಟ ಯಾಕ?" ಅಂದೆ.

ಟ್ರಂಕು ಮಂಚದ ಕಾಲ ಬಳಿ, ಬೀಗ ಹಾಕಿದ್ದು ಹಾಗೇ ಇದೆ.

ಜುಲೈ 6, ರವಿವಾರ

ಬೆಳಗಿನ ಸೀಟಿ ಆಯಿತೆಂದರೆ ಹೆಂಗಸರ ಕಡೆ ತಲೆ ಹಿಕ್ಕುವ ಕೆಲಸ ಶುರು. ಇಷ್ಟು ತಲೆಗಳಿಗೆ ಆಯಾ ಒಬ್ಬಳೇ, ಶಮೀಮಾಬಿ. ಒಂದು ಹೆರಳು ಹಾಕಿ ಇನ್ನೊಂದು ತಲೆ ಹಿಡಿಯುವಷ್ಟರಲ್ಲಿ ಯಾರೋ ಹಾಸಿಗೆ ಒದ್ದೆ ಮಾಡಿಕೊಂಡಿರುತ್ತಾರೆ. ಹಾಸಿಗೆ ಬದಲಿಸಿ ಬಂದರೆ ಅರ್ಧ ಹಾಕಿದ ಹೆರಳು ಬಿಚ್ಚಿರುತ್ತದೆ. ಊಟದ ಸೀಟಿಯಾದರೂ ಬಾಚಣಿಗೆ ಅವಳ ಕೈ ಬಿಡುವುದಿಲ್ಲ. ಹೇನುಗಳಿವೆ, ಸುಳ್ಳು ಹೇಳುವುದಿಲ್ಲ. ಈ ಮಳೆಯಲ್ಲಿ ಎರೆದುಕೊಂಡ ತಲೆ ಸಂಜೆಗೂ ಆರುವುದಿಲ್ಲ.

ನನ್ನ ಎಡಗಡೆಯ ಮಂಚ ಸಂಶಿಯ ಸುಶೀಲವ್ವನದು. ಸೀಟಿ ಮಾಸ್ತರ ಬಾಯಿಗೆ ಹೋಗುವ ಮೊದಲೇ ಎದ್ದು ನಿಂತಿರುತ್ತಾಳೆ. "ಹೌದ್ರಿ" ಬಿಟ್ಟು ಇನ್ನೊಂದು ಮಾತು ಅವಳ ಬಾಯಿಂದ ನಾನು ಕೇಳಿಲ್ಲ. ಬಲಗಡೆ ಅಳ್ನಾವರದ ಜಮಾಲಬಿ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿವೆ, ಮಾತು ನಿಧಾನ. ಆದರೆ ಕೂದಲು! ಬಿಳಿ, ದಟ್ಟ, ಮೊಣಕಾಲು ಮುಟ್ಟುತ್ತದೆ. ಅದನ್ನು ದೊಡ್ಡ ಗಂಟು ಕಟ್ಟಿ, ಗಂಟಿನ ಮೇಲೇ ಅಂಗಾತ ಮಲಗಿರುತ್ತಾಳೆ. ನನಗೆ ಹೊಟ್ಟೆಕಿಚ್ಚಾಯಿತು.

ಶಮೀಮಾಬಿ ನನ್ನ ಕೈ ನೋಡಿ, "ಆಯಿ, ನಿಮ್ಮ ಕೈ ಗಟ್ಟಿ ಅದಾವಲ್ರಿ, ಒಂದೆರಡು ತಲಿ ಹಿಕ್ಕತೀರೇನು?" ಅಂತ ಕೇಳಿದಳು.

ಮೂವತ್ತು ವರ್ಷ ಊರ ಮಂದಿಗೆ ರೊಟ್ಟಿ ಬಡಿದು ಬಂದವಳು ನಾನು. ಇನ್ನೊಬ್ಬರ ಹೇನು ಕುಕ್ಕಲು ಬಂದಿಲ್ಲ. ನನ್ನ ತಲೆ ನಾನು ಹಿಕ್ಕಿಕೊಂಡು ತುರುಬು ಕಟ್ಟಿದೆ.

ಜುಲೈ 12, ಶನಿವಾರ

ಉರಿಯುತ್ತಿದೆ ಮೈ. ಇಂದು ಊಟವಾದ ಮೇಲೆ ಇನ್ನೊಂದು ಸೀಟಿ ಊದಿದರು. ಇವರೆಲ್ಲ ಸಾಲಾಗಿ ನಿಂತರು, ನಾನು ಟ್ರಂಕಿನ ಮೇಲೆ ಕೂತೆ.

"ನೋಡ್ರಿ ಅಕ್ಕಾರ, ಧಣ್ಯಾರ ಅಪ್ಪಣಿ ಆಗೇತಿ" ಅಂದರು ಮಾಸ್ತರು. "ಹೇನು ಹೆಚ್ಚಾಗ್ಯಾವ, ಆಯಾ ಒಬ್ಬಾಕಿ. ಪಂಚಮಿಗೆ ಧಣ್ಯಾರು ಬರೂದರಾಗ ಎಲ್ಲಾರ ಕೂದಲಾನೂ ಗಂಡಮಕ್ಕಳಗತೆ ಸಣ್ಣಗ ಕತ್ತರಸೂದು. ಬುಧವಾರ ಹಡಪದ ಮಡಿವಾಳೆಪ್ಪ ಬರತಾನ. ತಲಿ ಹಗುರ ಆಗತೈತಿ, ನಿಮಗೂ ಆರಾಮ."

ಸುಶೀಲವ್ವ "ಹೌದ್ರಿ" ಅಂದಳು. ಅವಳ ಕೈ ಮಾತ್ರ ಹಿಂದೆ ಹೋಗಿ ಹೆರಳನ್ನು ಹಿಡಿದುಕೊಂಡಿತ್ತು.

"ನೆಗಡಿ ಬಂತಂತ ಮೂಗ ಕೊಯ್ಯಾವರು ನೀವು" ಅಂದೆ ನಾನು.

"ಮಲ್ಲಕ್ಕಾರ, ಇದು ನಿಮ್ಮ ಖಾನಾವಳಿ ಅಲ್ಲರಿ. ಇಲ್ಲೆ ಒಂದು ಶಿಸ್ತ ಐತಿ."

"ಖಾನಾವಳ್ಯಾಗೂ ಶಿಸ್ತ ಇತ್ರಿ ಮಾಸ್ತರ್ರ. ಉಣ್ಣಾವರ ತಾಟಿಗೆ ಇನ್ನೊಂದು ರೊಟ್ಟಿ ಹಾಕೂ ಮುಂದ, ಹಾಕ್ಲ್ಯೋ ಬ್ಯಾಡೋ ಅಂತ ಕೇಳತಿದ್ವಿ. ನೀವು ತಲಿಗೆ ಕತ್ರಿ ಹಾಕಾಕ ಹೊಂಟೀರಿ, ಕೇಳೂದಿಲ್ಲೇನು?"

ಮಾಸ್ತರು ಸೀಟಿ ಊದಿ ಹೋದರು. ಅವರ ಬಳಿ ಉತ್ತರವಿಲ್ಲದಾಗ ಸೀಟಿ ಇರುತ್ತದೆ.

ನನ್ನ ಗಂಡ ತೀರಿಕೊಂಡಾಗ ನನ್ನ ತಲೆಗೆ ಯಾರೂ ಕತ್ತರಿ ಹಾಕಲಿಲ್ಲ. ಈಗ ಹೇನಿನ ನೆಪ ಮಾಡಿ ಒಬ್ಬ ಡ್ರಿಲ್ ಮಾಸ್ತರ ಹಾಕಿಸುತ್ತಾನೇನು? ನೋಡೇ ಬಿಡುತ್ತೇನೆ.

ಜುಲೈ 15, ಮಂಗಳವಾರ

ಉಪಾಯ ಹೊಳೆದದ್ದು ಮೊಣಕಾಲಿನಿಂದ. ರಾತ್ರಿ ತಿಕ್ಕಿಕೊಳ್ಳಲೆಂದು ಟ್ರಂಕಿನಲ್ಲಿ ಔಡಲೆಣ್ಣೆಯ ಬಾಟಲಿ ಇಟ್ಟುಕೊಂಡಿದ್ದೇನೆ. ಇವತ್ತು ಅದರ ಬಿರಡೆ ತೆಗೆದ ಕೈಯಲ್ಲಿ ಚಹಾದ ಕಪ್ಪು ಹಿಡಿಯಲು ಹೋದರೆ ಕಪ್ಪು ಜಾರಿ ಬಿತ್ತು. ಕಪ್ಪು ಜಾರಿದರೆ ಕತ್ತರಿ ಜಾರದೇ?

ನನ್ನ ಬಾಟಲಿ ಎಷ್ಟು ತಲೆಗೆ ಸಾಲೀತು! ಶಮೀಮಾಬಿಯ ಅಣ್ಣ ದಾವೂದಸಾಬನದು ಎಣ್ಣೆ ಗಾಣ. ಅವಳಿಗೆ ಹೇಳಿದೆ. ಮೊದಲು ಹೆದರಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಂಜೆ ಡಬ್ಬಿ ಬಂತು.

ಎಲ್ಲರಿಗೂ ಹೇಳಿದ್ದೇನೆ. ನಾಳೆ ಚಹಾದ ಸೀಟಿಯಾದ ಕೂಡಲೇ ನನ್ನ ಮಂಚದ ಬಳಿ ಬರಬೇಕು, ಒಬ್ಬರೂ ತಪ್ಪಿಸಬಾರದು. ಸುಶೀಲವ್ವ, "ಮಾಸ್ತರು ಸಿಟ್ಟಾದ್ರ?" ಅಂದಳು. "ನಾ ಸಿಟ್ಟಾದ್ರ ಏನಾಗತೈತಿ ಗೊತ್ತೈತೇನು?" ಅಂದೆ. ಹೌದ್ರಿ ಅಂದಳು.

ಜುಲೈ 16, ಬುಧವಾರ

ಗೆದ್ದೆ!

ಬೆಳಿಗ್ಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೆತ್ತಿಯಿಂದ ತುದಿಯವರೆಗೆ ಎಣ್ಣೆ ಕುಡಿಸಿದೆ. ಔಡಲೆಣ್ಣೆಯೆಂದರೆ ಅಂಟು ಅಂಟು, ಬೆಲ್ಲದ ಪಾಕದಂತೆ. ಜಮಾಲಬಿಗೆ ಏಳಲು ಬರುವುದಿಲ್ಲವಲ್ಲ, ನಾನೇ ಅವಳ ಮಂಚಕ್ಕೆ ಹೋದೆ. ಆ ಕೂದಲಿಗೆ ಅರ್ಧ ಡಬ್ಬಿ ಬೇಕಾಯಿತು. ಗಂಟು ಬಿಚ್ಚಲು ಸಮಯವಿರಲಿಲ್ಲ, ಮೇಲಿನಿಂದಲೇ ಸುರಿದು ತಟ್ಟಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. "ಸುಮ್ನಿರ ಬೇ, ನಿನ್ನ ಕೂದಲಾ ಉಳಸಾಕತ್ತೀನಿ" ಅಂದೆ.

ಮಡಿವಾಳೆಪ್ಪ ಬಂದ. ಮೊದಲು ಸುಶೀಲವ್ವನನ್ನು ಕೂರಿಸಿದರು. ಹೆರಳು ಹಿಡಿದ, ಅದು ಕೈಯಿಂದ ಹಾವಿನ ಹಾಗೆ ಜಾರಿತು. ಮತ್ತೆ ಹಿಡಿದು ಕತ್ತರಿ ಹಾಕಿದ, ಕತ್ತರಿ ಕೂದಲನ್ನು ಬಿಟ್ಟು ಅವನ ಅಂಗಿಯ ತೋಳು ಕತ್ತರಿಸಿತು. ಮಷೀನು ತೆಗೆದ, ಅದರ ಹಲ್ಲಿನಲ್ಲಿ ಎಣ್ಣೆ ಮೆತ್ತಿಕೊಂಡು ಬಾಯಿ ಮುಚ್ಚಿತು. ಒರೆಸಿ ಒರೆಸಿ ಅವನ ಟವೆಲ್ಲು ಮುಗಿಯಿತು.

"ಮಾಸ್ತರ್ರ, ಇವು ತಲಿ ಅಲ್ಲರಿ, ಗಾಣದಾಗಿಂದ ತಗದ ಹಿಂಡಿ ಅದಾವ!" ಅಂದ. "ಮೊದಲ ಹೆಣ್ಣಮಕ್ಕಳ ತಲಿಗೆ ಕತ್ರಿ ಹಾಕೂದಂದ್ರ ನನ್ನ ಕೈ ನಡಗತಿತ್ತು. ಇದು ಶಕುನ ಅಂತೀನಿ. ಇನ್ನೊಮ್ಮೆ ಕರೀಬ್ಯಾಡ್ರಿ."

ಚೀಲ ಕಟ್ಟಿಕೊಂಡು ಹೋಗಿಯೇ ಬಿಟ್ಟ. ಮಾಸ್ತರು ಸೀಟಿ ಬಾಯಿಗಿಟ್ಟರು, ಊದಲಿಲ್ಲ. ಯಾರೋ ಮೊದಲು ಕಿಸಕ್ಕೆಂದರು, ಆಮೇಲೆ ಇಡೀ ಗೋದಾಮು ನಕ್ಕಿತು. ಇಲ್ಲಿಗೆ ಬಂದ ಮೇಲೆ ಇಷ್ಟು ಹೆಂಗಸರು ಕೂಡಿ ನಕ್ಕದ್ದು ನಾನು ಕೇಳಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರೆ. ಇರಲಿ, ಇವತ್ತು ಗೌಡಿಕೆ ನನ್ನದು.

ಜುಲೈ 17, ಗುರುವಾರ

ಎಲ್ಲರೂ ನನ್ನನ್ನು ಕೇಳಿ ಚಹಾ ಕುಡಿಯುತ್ತಿದ್ದಾರೆ. ಎಣ್ಣೆ ಇನ್ನೂ ಎರಡು ವಾರ ತೊಳೆಯಬೇಡಿ ಅಂದಿದ್ದೇನೆ, ಮಾಸ್ತರು ಇನ್ನೊಬ್ಬ ಹಡಪದನನ್ನು ಕರೆದರೂ ಕರೆದಾರು.

ಜುಲೈ 21, ಸೋಮವಾರ

ಜಮಾಲಬಿಗೆ ಜ್ವರ. ನಿನ್ನೆಯಿಂದ ನರಳುತ್ತಿದ್ದಳು, ಮಳೆಯ ಥಂಡಿ ಅಂದುಕೊಂಡಿದ್ದೆ. ಇವತ್ತು ಶಮೀಮಾಬಿ ದಿಂಬು ಬದಲಿಸಲು ತಲೆ ಎತ್ತಿದಳು, ದಿಂಬು ಜೊತೆಗೇ ಎದ್ದು ಬಂತು. ವಾಸನೆ. ಗಂಟಿನ ಕೆಳಗೆ, ಹಿಂದಲೆಯಲ್ಲಿ, ಮಲಗಿ ಮಲಗಿ ಹುಣ್ಣಾಗಿದೆ. ಮೊದಲೇ ಇತ್ತಂತೆ, ಸಣ್ಣದು. ನಾನು ಸುರಿದ ಎಣ್ಣೆಯಲ್ಲಿ ಕೂದಲು ಜಡೆಗಟ್ಟಿ, ಮೇಲೆ ಮುಚ್ಚಳದ ಹಾಗೆ ಕೂತು, ಒಳಗೊಳಗೇ ಕೀವಾಗಿದೆ. ಕಲಘಟಗಿಯಿಂದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. "ಈ ಕೂದಲಾ ತಗೀಲಾರದ ಹುಣ್ಣ ಮಾಯಂಗಿಲ್ಲ" ಅಂದರು.

ಅವರು ಹೋದ ಮೇಲೆ ನಾನು ಜಮಾಲಬಿಯ ಮಂಚದ ಮೇಲೆ ಕೂತೆ. "ಹೆದರಬ್ಯಾಡ. ಕತ್ತರಿ ಹಚ್ಚಗೊಡೂದಿಲ್ಲ. ಒಂದೊಂದು ಎಳಿ ಬಿಡಿಸಿ ನಾನೇ ತೊಳೀತೀನಿ" ಅಂದೆ.

ಅವಳು ಎಡಗೈಯಿಂದ ನನ್ನ ಕೈ ಹಿಡಿದಳು.

"ಮಲ್ಲಕ್ಕ" ಅಂದಳು ನಿಧಾನವಾಗಿ, "ನನಗ ಈ ಕೂದಲಾ ಭಾರ ಆಗಿ ಯಾವ ಕಾಲ ಆತು. ಗಂಟಿನ ಮ್ಯಾಲ ಮಲಗಿ ಕುತಗಿ ಸತ್ತೈತಿ. ಮಾಸ್ತರು ಕತ್ತರಸ್ತೀವಿ ಅಂದಾಗ ನಾ ಅಲ್ಲಾಗ ಶುಕರ್ ಅಂದೆ."

"ಮತ್ತ ಹೇಳಬಾರದೇನು!"

"ಯಾರಿಗೆ ಹೇಳ್ಲಿ? ಅವರು ಸೀಟಿ ಊದಿ ಹೋದ್ರು. ನೀ ಸುಮ್ನಿರು ಅಂದಿ." ಉಸಿರು ತೆಗೆದುಕೊಂಡಳು. "ಖಾನಾವಳ್ಯಾಗ ಒಂದ ರೊಟ್ಟಿ ಹಾಕಾಕ ಸುದ್ದಾ ಕೇಳತಿದ್ವಿ ಅಂದಿದ್ದಿಯಲ್ಲ. ನನ್ನ ತಲಿಗೆ ಎಣ್ಣಿ ಹಚ್ಚೂ ಮುಂದ ಕೇಳಿದೇನು? ಮಾಸ್ತರೂ ಕೇಳಲಿಲ್ಲ, ನೀನೂ ಕೇಳಲಿಲ್ಲ."

ಸಿಟ್ಟು ನೆತ್ತಿಗೇರಿತು. ಇಷ್ಟು ಮಾಡಿದವಳಿಗೆ ಇದೇ ಮಾತೇನು? ಬೈಯಲು ಬಾಯಿ ತೆರೆದೆ. ನನಗೆ ಬೈಗುಳ ಸಿಗದೇ ಹೋದದ್ದು ಇದೇ ಮೊದಲು.

ಜುಲೈ 22, ಮಂಗಳವಾರ

ಊಟ ಸೇರಲಿಲ್ಲ. ಬರೆಯುವ ಮನಸ್ಸೂ ಇಲ್ಲ.

ಜುಲೈ 23, ಬುಧವಾರ

ಮಾಸ್ತರ ಕೋಣೆಗೆ ನಾನಾಗಿಯೇ ಹೋದೆ. ಜಮಾಲಬಿಯ ಕೂದಲು ತೆಗೆಯಬೇಕು, ಅವಳೇ ಹೇಳಿದ್ದಾಳೆ ಅಂದೆ.

"ಈಗ ಬಂದ್ರಿ" ಅಂದರು. ನಗುತ್ತಾರೆಂದು ನೋಡಿದೆ, ನಗಲಿಲ್ಲ. ಕುರ್ಚಿ ಕೊಟ್ಟರು. "ಧಣ್ಯಾರು ಹೇಳಿ ಕಳಿಸ್ಯಾರ ಮಲ್ಲಕ್ಕಾರ. ಪಂಚಮಿಗೆ ಬಂದಾಗ ಯಾರ ತಲಿ ಹಂಗ ಇರತಾವೋ ಅವರು ಗಂಟು ಕಟಗೊಂಡು ಹೋಗಬೇಕಂತ. ನಾನರ ಏನ ಮಾಡ್ಲಿ? ಹುಡುಗರಿಗೆ ಎಡಕ್ಕ ತಿರುಗು ಅಂದ್ರ ತಿರುಗತಾವ. ನೀವೆಲ್ಲಾ ನಮ್ಮಕ್ಕನ ವಯಸ್ಸಿನವರು. ನಿಮಗ ಹೆಂಗ ಹೇಳಬೇಕು ತಿಳಿವಲ್ದು."

"ಹೇಳೂದು ಬಿಟ್ಟು ಕೇಳ್ರಿ" ಅಂದೆ.

"ನೀವು ಜಮಾಲಬೀನ್ನ ಕೇಳಿದ್ರೇನು?"

ಈ ಮನುಷ್ಯನಿಗೆ ಸೀಟಿ ಬಿಟ್ಟು ಮಾತು ಬರುವುದಿಲ್ಲ ಅಂದುಕೊಂಡಿದ್ದೆ. ನನ್ನ ಬಾಯಿ ಮುಚ್ಚಿಸಿದವರು ಮೂರು ದಿನದಲ್ಲಿ ಇಬ್ಬರಾದರು.

ಹೊರಗೆ ಬಂದು ಧಣಿಯ ಮಾತನ್ನು ಎಲ್ಲರಿಗೂ ಹೇಳಿದೆ. ಬರಲಿ, ನಾನು ಮಾತಾಡುತ್ತೇನೆ, ಹೆದರುವವಳಲ್ಲ ಅಂದೆ. ಆಗ ಸುಶೀಲವ್ವ ತಲೆ ಬಗ್ಗಿಸಿಕೊಂಡೇ ಒಂದು ಮಾತು ಹೇಳಿದಳು.

"ನಿನಗೇನವ್ವಾ, ಟ್ರಂಕ ಕಟ್ಟೇ ಇಟ್ಟೀ. ನಾಳೆ ಹೊರಗ ಹಾಕಿದ್ರ ನೀ ಹುಬ್ಬಳ್ಳಿ ಬಸ್ ಹತ್ತತಿ. ನಾವೆಲ್ಲಿಗೆ ಹೋಗೂಣು?"

ಟ್ರಂಕನ್ನು ಕೋಲಿನಿಂದ ಮಂಚದ ಕೆಳಗೆ ನೂಕಿದೆ.

ಮಧ್ಯಾಹ್ನ ಜಮಾಲಬಿಯ ಕೂದಲು ತೆಗೆದೆವು. ಕತ್ತರಿ ನನ್ನ ಕೈಯಲ್ಲಿ, ತಲೆ ಶಮೀಮಾಬಿಯ ತೊಡೆಯ ಮೇಲೆ. "ನಾನೇ ಕತ್ತರಸ್ಲ್ಯೋ, ಶಮೀಮಾಬಿ ಕತ್ತರಸಬೇಕೋ?" ಕೇಳಿದೆ. ನೀನೇ ಅಂದಳು. "ಎಷ್ಟು ಬಿಡ್ಲಿ?" "ಕಿವಿ ಮುಚ್ಚುವಷ್ಟು ಬಿಡು. ಕಿವಿಗೆ ಥಂಡಿ ಆಗತೈತಿ." ಹುಣ್ಣಿನ ಸುತ್ತ ಮಾತ್ರ ಪೂರಾ ತೆಗೆದೆ. ಒಂದೊಂದು ಹಿಡಿ ತೆಗೆದಾಗಲೂ ಅವಳು ಉಸಿರು ಬಿಡುತ್ತಿದ್ದಳು, ತಲೆಯ ಮೇಲಿನ ಹೊರೆ ಇಳಿಸಿದವರ ಹಾಗೆ. ಅತ್ತವಳು ನಾನು. ಅಂಥ ಕೂದಲನ್ನು ಕತ್ತರಿಸುವಾಗ ಯಾರಿಗೆ ಅಳು ಬರುವುದಿಲ್ಲ?

"ಕೂದಲಾ ಏನ ಮಾಡೂಣು?" ಅಂತ ಕೇಳಿದೆ.

"ಒಗೀಬ್ಯಾಡ್ರಿ. ಮಣ್ಣಾಗ ಹೂಳ್ರಿ, ನಮ್ಮ ಕಡೆ ಹಂಗ."

ಅಂಗಳದ ಬೇವಿನ ಗಿಡದ ಬುಡದಲ್ಲಿ ಗುದ್ದಲಿ ಹಿಡಿದು ಕುಣಿ ತೋಡಿದವರು ಕುಬೇರಪ್ಪ ಮಾಸ್ತರು. ಮಳೆ ಹನಿಯುತ್ತಿತ್ತು, ಕೊಡೆ ಹಿಡಿಯಲು ಹೋದರೆ ಬೇಡ ಅಂದರು.

ಜುಲೈ 27, ರವಿವಾರ

ಟ್ರಂಕಿನ ಬಟ್ಟೆ ಮುಗ್ಗಲು ವಾಸನೆ ಬರುತ್ತಿದೆ. ಈ ಮಳೆಯಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರೆ ಇನ್ನೇನಾಗುತ್ತದೆ? ಸೀರೆಗಳನ್ನು ತೆಗೆದು ಕಪಾಟಿನಲ್ಲಿ ಇಟ್ಟೆ, ಗಾಳಿಯಾಡಲಿ ಅಂತ.

ಮಾಸ್ತರಿಗೆ ಹೇಳಿದೆ: ಆಯಾ ಒಬ್ಬಳೇ ಅನ್ನುವುದು ನಿಮ್ಮ ದುಃಖವಲ್ಲವೇ, ತಲೆ ಹಿಕ್ಕುವ ಕೆಲಸವನ್ನು ಅವಳ ಕೈಯಿಂದ ತೆಗೆಯಿರಿ. ಕೈ ಆಡುವವರು ಕೈ ಆಡದವರ ತಲೆ ಹಿಕ್ಕಲಿ. ಆ ಹೊತ್ತಿನಲ್ಲಿ ಅವಳು ಹಾಸಿಗೆ ಹಿಡಿದವರನ್ನು ಮಗ್ಗುಲು ಹೊರಳಿಸಲಿ. ಜಮಾಲಬಿಯನ್ನು ದಿನಾ ಹೊರಳಿಸಿದ್ದರೆ ಹುಣ್ಣೇ ಆಗುತ್ತಿರಲಿಲ್ಲ.

ಮಾಸ್ತರು ಯೋಚನೆ ಮಾಡಿದರು. ಸೀಟಿಯನ್ನು ಜೇಬಿನಲ್ಲಿ ಹಾಕಿಕೊಂಡು ಮಂಚದಿಂದ ಮಂಚಕ್ಕೆ ನಡೆದರು. "ಅಕ್ಕಾರ, ನಿಮ್ಮ ಕೂದಲಾ ಕತ್ತರಸಬೇಕೋ, ಇಟಗೋತೀರೋ? ಯಾರ ಕೈಲಿ ಹಿಕ್ಕಿಸಿಕೋತೀರಿ?" ಕೇಳುವಾಗ ಕಿವಿ ಕೆಂಪಗಾಗಿತ್ತು, ಮದುವೆಗೆ ಹೆಣ್ಣು ಕೇಳಲು ಬಂದವರ ಹಾಗೆ. ಎಲ್ಲರೂ ಇಟ್ಟುಕೊಳ್ಳುತ್ತೇವೆ ಅಂದರು. ಸುಶೀಲವ್ವನನ್ನು ಕೇಳಿದಾಗ ಮಾತ್ರ ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳನ್ನು ಯಾರೂ ಏನನ್ನೂ ಕೇಳಿದ್ದಿಲ್ಲವಂತೆ. ಹೌದ್ರಿ ಅಂದುಬಿಟ್ಟಳು. ಯಾವುದಕ್ಕೆ ಹೌದು ಅಂತ ಮಾಸ್ತರು ಮತ್ತೆ ಕೇಳಬೇಕಾಯಿತು.

ಜುಲೈ 31, ಗುರುವಾರ

ಶೀಗೆಕಾಯಿ ಕುದಿಸಿ ಎಲ್ಲರ ಔಡಲೆಣ್ಣೆ ತೊಳೆದದ್ದಾಯಿತು. ಹಚ್ಚಿದ್ದು ಒಂದು ಬೆಳಿಗ್ಗೆ, ತೊಳೆದದ್ದು ನಾಲ್ಕು ದಿನ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ, ನನ್ನದು ತಿರುಗುಮುರುಗು.

ಬೆಳಿಗ್ಗೆ ಖಾಲಿ ಟ್ರಂಕು ಎಳೆದುಕೊಂಡು ಅದರ ಮೇಲೆ ಕೂರುತ್ತೇನೆ, ಮೊಣಕಾಲಿಗೆ ಸರಿಯಾದ ಎತ್ತರ. ನನ್ನ ಮುಂದೆ ಒಬ್ಬಳು, ಅವಳ ಮುಂದೆ ಇನ್ನೊಬ್ಬಳು, ಹೀಗೆ ಬಾಗಿ ಬಾಗಿ ಕೂತು ಹಿಕ್ಕುತ್ತೇವೆ. ನನ್ನ ಬೇವಿನ ಬಾಚಣಿಗೆ ಸುಶೀಲವ್ವನಿಗೆ ಕೊಟ್ಟೆ, ನನಗೆ ಇನ್ನೊಂದಿದೆ. ಹೇನು ಸಿಕ್ಕರೆ ಉಗುರಿನ ಮೇಲೆ ಕುಕ್ಕಿ ಲೆಕ್ಕ ಹೇಳಬೇಕು, ಅದು ನನ್ನ ನಿಯಮ. ಮಾತಾಡುತ್ತ ಕೈ ನಿಲ್ಲಿಸಬಾರದು, ಅದೂ ನನ್ನ ನಿಯಮ. ಮಾಸ್ತರು ದೂರ ನಿಂತು ನೋಡಿ, "ಸೀಟಿ ಬೇಕೇನ್ರಿ ಮಲ್ಲಕ್ಕಾರ?" ಅಂದರು. ಏನು ಅರ್ಥವೋ.

ಜಮಾಲಬಿಯ ಹುಣ್ಣು ಒಣಗುತ್ತಿದೆ.

ಆಗಸ್ಟ್ 10, ರವಿವಾರ. ಪಂಚಮಿ

ನಡೆದದ್ದನ್ನು ಬರೆದೇ ಮಲಗುತ್ತೇನೆ.

ಗೋದಾಮಿನ ದೊಡ್ಡ ತೊಲೆಗೆ ಮಾಸ್ತರೇ ಜೋಕಾಲಿ ಕಟ್ಟಿಸಿದ್ದರು. ನಿನ್ನೆ ಕೂತು ಶೇಂಗಾದುಂಡಿ, ಎಳ್ಳುಂಡಿ ಕಟ್ಟಿದ್ದೆವು. ನಮ್ಮ ಹೆಂಗಸರೆಲ್ಲ ಬೆಳಿಗ್ಗೆಯೇ ಎರೆದುಕೊಂಡು, ಹೆರಳು ಹಾಕಿ, ಹೂ ಮುಡಿದಿದ್ದರು. ಸುಶೀಲವ್ವ ನನ್ನ ಇಳಕಲ್ ಸೀರೆ ಉಟ್ಟಿದ್ದಳು, ಅವಳಿಗೇ ಒಪ್ಪುತ್ತದೆ. ಜಮಾಲಬಿಯನ್ನು ಕುರ್ಚಿಯಲ್ಲಿ ಕೂರಿಸಿದ್ದೆವು. ಕಿವಿ ಮುಚ್ಚುವ ಬಿಳಿ ಕೂದಲಿನಲ್ಲಿ ಅವಳು ಶಾಲೆಗೆ ಹೊರಟ ಹುಡುಗಿಯಂತೆ ಕಾಣುತ್ತಿದ್ದಳು.

ಧಣಿಯ ಜೀಪು ಬಂತು. ಒಳಗೆ ಬಂದವರು ಹೆರಳುಗಳನ್ನು ನೋಡಿದರು, ಹೂ ನೋಡಿದರು, ಮುಖ ಬಿಗಿದರು.

"ಏನ್ ಮಾಸ್ತರ್ರ? ಒಂದು ತಲಿ ಆಗೇತಿ, ಉಳಿದಾವು ಯಾಕ ಆಗಿಲ್ಲ? ನಿಮ್ಮ ಕೈಲಿ ಆಗಂಗಿಲ್ಲೇನು?"

ಮಾಸ್ತರ ಕೈ ಜೇಬಿಗೆ ಹೋಯಿತು. ಸೀಟಿ ಹುಡುಕುತ್ತಾರೆ ಅಂದುಕೊಂಡೆ. ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

"ಆಗಂಗಿಲ್ರಿ ಧಣ್ಯಾರ. ಒಬ್ಬೊಬ್ಬರನ್ನ ಕೇಳೀನ್ರಿ. ಜಮಾಲಬಿ ಬೇಕು ಅಂದ್ರು, ತಗದೇವಿ. ಉಳಿದಾವರು ಒಲ್ಲೆ ಅಂದ್ರು, ಬಿಟ್ಟೇವಿ."

"ಕೇಳೀನಿ? ಆಶ್ರಮ ನಡಸಾವರು ನೀವೋ ಇವರೋ?" ಧಣಿ ನಮ್ಮ ಕಡೆ ತಿರುಗಿದರು. "ನೋಡ್ರಿ, ನಾ ಸ್ವಚ್ಛತಾ ಸಲುವಾಗಿ ಹೇಳಿದ್ದು. ಯಾರಿಗೆ ನಮ್ಮ ಪದ್ಧತಿ ಒಗ್ಗಂಗಿಲ್ಲೋ ಅವರು ಇವತ್ತ ಹೋಗಬಹುದು."

ನಾನು ಉತ್ತರವನ್ನು ಹದಿನೈದು ದಿನದಿಂದ ಅರೆದು ಇಟ್ಟುಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನನ್ನ ಪಕ್ಕದಿಂದ ಬೇರೆ ದನಿ ಬಂತು.

"ಹೋಗಂಗಿಲ್ರಿ."

ಸುಶೀಲವ್ವ! ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು, ನನ್ನ ಇಳಕಲ್ ಸೀರೆ. "ಹೋಗಂಗಿಲ್ರಿ ಧಣ್ಯಾರ. ತಲೀನೂ ಕೊಡಂಗಿಲ್ರಿ."

ಧಣಿ ನಕ್ಕರು. "ಮತ್ತ ಹೇನು? ಊರಾಗ ನನ್ನ ಮಾನ ಏನಾಗಬೇಕು?"

ಈಗ ನನ್ನ ಸರದಿ. ಕೋಲೂರಿಕೊಂಡು ಅವರ ಮುಂದೆ ಹೋದೆ, ತುರುಬು ಬಿಚ್ಚಿದೆ, ತಲೆ ಬಗ್ಗಿಸಿದೆ.

"ಬರ್ರಿ, ಹುಡುಕ್ರಿ. ಒಂದ ಹೇನು ಸಿಕ್ರ ನಾನೇ ಕತ್ರಿ ತಂದು ನಿಮ್ಮ ಕೈಯಾಗ ಕೊಡತೀನಿ."

ಧಣಿ ಹಿಂದೆ ಸರಿದರು. ನನ್ನ ಪಕ್ಕದಲ್ಲಿ ಸುಶೀಲವ್ವ ಬಂದು ಹೆರಳು ಬಿಚ್ಚಿ ಬಗ್ಗಿದಳು. ಅವಳ ಪಕ್ಕ ಇನ್ನೊಬ್ಬಳು, ಅವಳ ಪಕ್ಕ ಮತ್ತೊಬ್ಬಳು. ಹೂಗಳು ನೆಲಕ್ಕೆ ಬಿದ್ದವು. ಒಂದೂ ಸೀಟಿಯಿಲ್ಲದೆ ಸಾಲು ನಿಂತಿತು. ಕುರ್ಚಿಯಲ್ಲಿದ್ದ ಜಮಾಲಬಿ ಕೂಗಿದಳು: "ನಂದೂ ನೋಡ್ರಿ ಧಣ್ಯಾರ! ನಾ ಹೇಳಿ ಕತ್ತರಿಸಿಕೊಂಡಾಕಿ. ಇವರು ಹೇಳಿಲ್ಲ!"

ಪರಸ್ತ್ರೀಯರ ತಲೆ ಮುಟ್ಟಿ ಹೇನು ಹುಡುಕುವ ಧಣಿ ಈ ಸೀಮೆಯಲ್ಲಿ ಹುಟ್ಟಿಲ್ಲ. ಕೆಮ್ಮಿದರು. "ಆತು ಆತು, ಕೂಡ್ರಿ, ಹಬ್ಬದ ದಿನ" ಅಂದರು. ಮೀಟಿಂಗಿನಲ್ಲಿ ಮಾತಾಡೋಣ ಅಂತ ಮಾಸ್ತರಿಗೆ ಹೇಳಿದರು. ಶಮೀಮಾಬಿ ಶೇಂಗಾದುಂಡಿ ಕೊಟ್ಟಳು. ಎಷ್ಟು ಗಟ್ಟಿ ಕಟ್ಟಿದ್ದೆವೆಂದರೆ ಅದನ್ನು ಅಗಿಯುತ್ತಲೇ ಜೀಪು ಹತ್ತಬೇಕಾಯಿತು.

ಮೀಟಿಂಗಿನಲ್ಲಿ ಏನಾಗುತ್ತದೋ ಗೊತ್ತಿಲ್ಲ. "ನನ್ನ ನೌಕರಿ ಹೋದ್ರ ನಿಮ್ಮ ಖಾನಾವಳ್ಯಾಗ ನೀರ ಹಾಕಾಕ ಇಟಗೋರಿ" ಅಂದರು ಮಾಸ್ತರು. ಸೀಟಿ ಊದಿ ಗಿರಾಕಿಗಳನ್ನು ಓಡಿಸುತ್ತೀರಿ, ಬೇಡ ಅಂದೆ. ಆಮೇಲೆ ಎಲ್ಲರೂ ಜೋಕಾಲಿ ಆಡಿದರು. ನನ್ನನ್ನೂ ಕೂರಿಸಿದರು, ಮೊಣಕಾಲು ಚಾಚಿಕೊಂಡೇ ತೂಗಿದೆ.

ಆಗಸ್ಟ್ 12, ಮಂಗಳವಾರ

ನಿನ್ನೆ ಶಂಕ್ರಪ್ಪ ಬಂದಿದ್ದ. "ನಡಿ ಅತ್ತಿ, ಹೋಗೂಣು, ಟ್ರಂಕ ಎಲ್ಲೈತಿ?" ಅಂದ. ಟ್ರಂಕಿನ ಮೇಲೆ ನಾನು ಕೂತಿದ್ದೆ, ನನ್ನ ಮುಂದೆ ಅರ್ಧ ಹೆರಳಿನ ತಲೆಯೊಂದಿತ್ತು, ಅದನ್ನು ಬಿಟ್ಟು ಏಳಲಾಗುತ್ತದೆಯೇ? ಮೀಟಿಂಗು ಆಗಲಿ, ದೀಪಾವಳಿಯ ಹೊತ್ತಿಗೆ ನೋಡೋಣ ಅಂದೆ. ಮಡಕಿಕಾಳಿಗೆ ಖಾರ ಕಡಿಮೆ ಹಾಕುತ್ತಿದ್ದಾನಂತೆ, ಗಿರಾಕಿಗಳು ಹೇಳಿದರಂತೆ. ಚೆನ್ನಾಗಿ ಬೈದು ಬಸ್ಸು ಹತ್ತಿಸಿದೆ.

ಇವತ್ತು ಬೇರೆಯದೇ ರಗಳೆ. ಬೆಳಿಗ್ಗೆ ಎಲ್ಲರೂ ಸಾಲಾಗಿ ಕೂತಿದ್ದಾರೆ, ಸುಶೀಲವ್ವ ಮಾತ್ರ ಅಂಗಳದ ಕಟ್ಟೆಯ ಮೇಲೆ. ಕರೆದೆ.

"ಇವತ್ತ ನಾ ಒಲ್ಲೆ ಮಲ್ಲಕ್ಕ" ಅಂದಳು.

"ಒಲ್ಲೆ ಅಂದ್ರ? ಎಲ್ಲಾರೂ ಕುಂತಾರ!"

"ಕೂಡ್ಲಿ. ನನಗ ಇವತ್ತ ಬಿಸಲಾಗ ಸುಮ್ನ ಕೂಡಬೇಕಂತ ಆಗೇತಿ."

ಧಣಿಯ ಮುಂದೆ ಒಮ್ಮೆ ಒಲ್ಲೆ ಅಂದದ್ದೇ ತಡ, ರುಚಿ ಹತ್ತಿದೆ ಇವಳಿಗೆ! ಖಾನಾವಳಿಯಲ್ಲಿ ಯಾರಾದರೂ ನನಗೆ ಹೀಗೆ ಅಂದಿದ್ದರೆ ಅವತ್ತೇ ಲೆಕ್ಕ ಮುಗಿಸಿ ಕಳಿಸುತ್ತಿದ್ದೆ. ಬಾಚಣಿಗೆ ಟ್ರಂಕಿನ ಮೇಲೆ ಕುಕ್ಕಿದೆ. ಒಬ್ಬಳು ತಪ್ಪಿಸಿದರೆ ನಾಳೆ ಇಬ್ಬರು ತಪ್ಪಿಸುತ್ತಾರೆ, ಆಮೇಲೆ ಎಲ್ಲಿಯ ಶಿಸ್ತು ಅಂತ ಜೋರಾಗಿಯೇ ಅಂದೆ. ಜಮಾಲಬಿ ತನ್ನ ಗಿಡ್ಡ ತಲೆಯನ್ನು ಎಡಗೈಯಲ್ಲಿ ಸವರಿಕೊಳ್ಳುತ್ತ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಯಾಕೆ ಬೇ ಅಂದರೆ ಹೇಳಲೇ ಇಲ್ಲ. ಮಾಸ್ತರೂ ಬಾಗಿಲ ಬಳಿ ನಿಂತು ಮೀಸೆ ತಿರುವುತ್ತಿದ್ದರು.

ಸುಶೀಲವ್ವ ಮಧ್ಯಾಹ್ನದವರೆಗೂ ಅಲ್ಲಿಯೇ ಕೂತಿದ್ದಳು. ಕೂದಲು ಕೆದರಿ ಮುಖದ ಮೇಲೆ ಹಾರಾಡುತ್ತಿತ್ತು, ಅವಳು ಅದನ್ನು ಸರಿಸಲೂ ಇಲ್ಲ. ನಾನು ಎರಡು ಸಲ ಬಾಗಿಲವರೆಗೆ ಹೋಗಿ ನೋಡಿ ಬಂದೆ. ಕೈ ಕಡಿಯುತ್ತಿತ್ತು, ಹಿಡಿದು ಕೂರಿಸಿ ನಾಲ್ಕು ಎಳೆ ಹಿಕ್ಕಿದರೆ ಮುಗಿಯುವ ಕೆಲಸ.

ಬಿಟ್ಟೆ. ನಾಳೆ ಮತ್ತೆ ಕೇಳುತ್ತೇನೆ.